ಕೊಲ್ಲಾಪುರದಲ್ಲಿ ಕಟ್ಟಿದ ಲಂಕೆ



ನಾನೂ ನೋಡಿರದ, ನೀವೂ ನೋಡಿರದ, ಇನ್ನು ಮುಂದೆ ಬಹುಶಃ ಯಾರೂ ನೋಡಲಾರದ ಕೆಲವು ಸಿನಿಮಾಗಳ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಬಾನುಲಿಯಲ್ಲಿ ಕೂತು ಸಿನಿಮಾ ವರ್ಣಿಸುವುದು ವಿಚಿತ್ರವೆನ್ನಿಸಬಹುದು. ಆದರೆ ಈ ಚಿತ್ರಗಳ ಮಟ್ಟಿಗೆ ನಿಮಗೂ ನನಗೂ ವ್ಯತ್ಯಾಸವಿಲ್ಲ. ಪುಣೆಯ ಚಿತ್ರಸಂಗ್ರಹಾಲಯದ ಒಳಗೆ ಹೋಗಿ ಕೂತವನಿಗೂ ಇವು ಪೂರ್ತಿಯಾಗಿ ಕಾಣುವುದಿಲ್ಲ. ಹೇಳುವವರು ಹೇಳಬೇಕು, ಕೇಳುವವರು ಕೇಳಬೇಕು.

ಈ ಚಿತ್ರಗಳಲ್ಲೆಲ್ಲ ಕಥೆ ನಡೆಯುವುದು ಒಂದು ದ್ವೀಪದಲ್ಲಿ. ಸುತ್ತ ಕಡಲು, ದಂಡೆಯುದ್ದಕ್ಕೂ ತೆಂಗು, ಒಳಗೆ ಹಗಲಲ್ಲೂ ನೆರಳು ಬಿಡದ ವನ. ಒಬ್ಬರಿಗೊಬ್ಬರು ಪ್ರಾಣವಾಗಿರುವ ಒಂದು ಜೋಡಿ. ಕಡಲು ದಾಟಿ ಬರುವ ಪರದೇಶದವರು. ಕೊನೆಗೆ ಬೆಂಕಿಯೋ ಬಿರುಗಾಳಿಯೋ ಬಂದು ಎಲ್ಲವನ್ನೂ ಬುಡಮೇಲು ಮಾಡುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ಡಿನವರು ಈ ಎಳೆ ಹಿಡಿದು ಒಂದರ ಮೇಲೊಂದು ಚಿತ್ರ ತೆಗೆದರು. 1926ರಲ್ಲಿ ಬಂದ ‘ಅಲೋಮಾ ಆಫ್ ದ ಸೌತ್ ಸೀಸ್’ ಅವುಗಳಲ್ಲಿ ದೊಡ್ಡ ಹೆಸರು ಮಾಡಿದ್ದು. ನಿರ್ದೇಶಕ ಮಾರಿಸ್ ಟೂರ್ನರ್ ಫ್ರಾನ್ಸಿನವನು. ನಾಯಕಿ ಗಿಲ್ಡಾ ಗ್ರೇ ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೃತ್ಯಗಾತಿಯಾಗಿ ಮನೆಮಾತಾದವಳು. ಶಾಂತ ಸಾಗರದ ದ್ವೀಪವೆಂದು ತೋರಿಸಿದ್ದನ್ನು ಚಿತ್ರೀಕರಿಸಿದ್ದು ಕೆರಿಬಿಯನ್ನಿನ ಪೋರ್ಟೊ ರಿಕೊದಲ್ಲಿ. ಹಳೆಯ ಪ್ರೇಮವನ್ನು ಮರೆಯಲೆಂದು ದ್ವೀಪಕ್ಕೆ ಬಂದ ಬಿಳಿಯ ಯುವಕ, ಅವನ ಆರೈಕೆ ಮಾಡುವ ದ್ವೀಪದ ಹುಡುಗಿ ಅಲೋಮಾ, ಅವಳನ್ನು ಮೊದಲಿನಿಂದಲೂ ಪ್ರೀತಿಸುತ್ತ ಬಂದ ದ್ವೀಪದ ಹುಡುಗ. ಕೊನೆಗೆ ಬಿಳಿಯ ತನ್ನವಳ ಜೊತೆ ಹೊರಡುತ್ತಾನೆ, ಹುಡುಗಿ ತನ್ನವನ ಬಳಿ ಉಳಿಯುತ್ತಾಳೆ. ಚಿತ್ರ ಭರ್ಜರಿಯಾಗಿ ಓಡಿತು. ಇವತ್ತು ಅದರ ಪ್ರತಿ ಇಲ್ಲ. ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿ ಅದೊಂದು ಸಾಲು.

ಅಮೆರಿಕದ ಕಥೆ ಅಲ್ಲಿಗೇ ಇರಲಿ. ನಮ್ಮ ಕಡೆ ದ್ವೀಪವೆಂದರೆ ಲಂಕೆ. ನಾನು ಹೇಳಹೊರಟಿರುವುದು ಆ ಲಂಕೆಯ ಎರಡು ಚಿತ್ರಗಳ ಕಥೆ. ಒಂದು ಮೂಕಿ, ಇನ್ನೊಂದು ಕನ್ನಡದ ಮೊದಲನೆಯ ಮಾತಿನ ಚಿತ್ರ. ಮೊದಲನೆಯದು ಚೂರು ಉಳಿದಿದೆ, ಎರಡನೆಯದು ಒಂದು ಚೂರೂ ಉಳಿದಿಲ್ಲ. ಎರಡರ ನಡುವೆ ನಮ್ಮ ಜತ್ತ, ಸಾಂಗಲಿ, ಮೀರಜ್, ಕೊಲ್ಲಾಪುರಗಳ ಸೀಮೆ ಇದೆ.

ಜತ್ತ ತಾಲೂಕನ್ನು ನೋಡಿದವರಿಗೆ ಗೊತ್ತು, ಲಂಕೆಯನ್ನು ನೆನೆಯಲು ಇದಕ್ಕಿಂತ ದೂರದ ನೆಲ ಸಿಗಲಿಕ್ಕಿಲ್ಲ. ಕಲ್ಲು ಹಾಸಿದ ದಿನ್ನೆ, ಬಿಳಿಜೋಳ, ಮಾಡಗ್ಯಾಳದ ಡೊಂಕು ಮೂಗಿನ ಕುರಿಗಳು, ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಊರುಗಳು. ಆದರೂ ಸಮುದ್ರವನ್ನು ಕಣ್ಣಾರೆ ಕಂಡಿರದ ಈ ಸೀಮೆಯ ಜನ ತಲೆತಲಾಂತರದಿಂದ ಲಂಕೆಯನ್ನು ಬಲ್ಲರು. ಗ್ಯಾಸ್ ಲೈಟಿನ ಬೆಳಕಿನಲ್ಲಿ ಕಟ್ಟಿದ ಅಟ್ಟದ ಮೇಲೆ, ಎದೆಕಟ್ಟು ಭುಜಕೀರ್ತಿ ಹಾಕಿಕೊಂಡು ನೆಲ ಅದುರುವಂತೆ ಕುಣಿಯುವ ದೊಡ್ಡಾಟದವರು ಅದನ್ನು ಇಲ್ಲಿಗೇ ತಂದು ನಿಲ್ಲಿಸುತ್ತಿದ್ದರು. ರಾಮಾಯಣದ ಕಾಳಗದ ಆಟವೆಂದರೆ ರಾತ್ರಿ ಊಟ ಮುಗಿಸಿ ಕೂತವರು ಬೆಳ್ಳಿ ಮೂಡುವವರೆಗೆ ಏಳುತ್ತಿರಲಿಲ್ಲ.

ಇದಕ್ಕೂ ಸಿನಿಮಾಕ್ಕೂ ನಂಟು ಬೆಸೆಯಲು ಸ್ವಲ್ಪ ಹಿಂದಕ್ಕೆ, 1842ಕ್ಕೆ ಹೋಗಬೇಕು. ಆ ವರ್ಷ ಉತ್ತರ ಕನ್ನಡದ ಕರ್ಕಿಯಿಂದ ಒಂದು ಭಾಗವತ ಮೇಳ ಸಾಂಗಲಿಗೆ ಬಂತು. ಅವರ ಯಕ್ಷಗಾನವನ್ನು ಕಂಡ ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರಿಗೆ ಇಂಥದು ಮರಾಠಿಯಲ್ಲೂ ಆಗಬೇಕೆಂಬ ಆಸೆ ಹುಟ್ಟಿತು. ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಆ ಕೆಲಸ ಒಪ್ಪಿಸಿದರು. ಮರುವರ್ಷ ಸಾಂಗಲಿಯ ಅರಮನೆಯಲ್ಲಿ ‘ಸೀತಾ ಸ್ವಯಂವರ’ ಆಡಿದರು. ಮರಾಠಿ ರಂಗಭೂಮಿಯವರು ಇಂದಿಗೂ ನವೆಂಬರ್ 5ನ್ನು ರಂಗಭೂಮಿ ದಿನವೆಂದು ಆಚರಿಸುವುದು ಆ ನೆನಪಿಗಾಗಿಯೇ. ಆ ಆಟಕ್ಕೆ ಯಕ್ಷಗಾನ ಪ್ರೇರಣೆಯಾದದ್ದನ್ನು ಮರಾಠಿ ರಂಗಭೂಮಿಯ ಚರಿತ್ರೆ ಬರೆದವರು ಮುಚ್ಚಿಟ್ಟಿಲ್ಲ, ಒಪ್ಪಿಕೊಂಡೇ ಬರೆದಿದ್ದಾರೆ. ನಮ್ಮವರು ಇದನ್ನು ಹೇಳುವಾಗ ಮಾತ್ರ ಧ್ವನಿ ಸ್ವಲ್ಪ ಜೋರಾಗುತ್ತದೆ. ಜೋರು ಮಾಡಬೇಕಾಗಿಲ್ಲ. ಕೊಟ್ಟದ್ದು ನಿಜ, ಆಮೇಲೆ ಪಡೆದದ್ದೂ ನಿಜ. ಆ ಪಡೆದ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಈಗ 1917. ಜತ್ತದ ಚರಿತ್ರೆ ಓದಿದವರಿಗೆ ಈ ಇಸವಿ ನೆನಪಿರುತ್ತದೆ. ಪಕ್ಕದ ಪುಟ್ಟ ಡಫಳಾಪುರ ಸಂಸ್ಥಾನ ಜತ್ತ ಸಂಸ್ಥಾನದಲ್ಲಿ ಸೇರಿಹೋದದ್ದು ಆಗಲೇ. ಎರಡೂ ಡಫಳೆ ಮನೆತನದವೇ, ಎರಡೂ ಬ್ರಿಟಿಷರ ಬಿಜಾಪುರ ಏಜೆನ್ಸಿಯ ಕೆಳಗಿದ್ದವು. ಅದೇ ವರ್ಷ ನಾಸಿಕದಲ್ಲಿ ಧುಂಡಿರಾಜ ಗೋವಿಂದ ಫಾಳಕೆಯವರು ‘ಲಂಕಾದಹನ’ ತೆಗೆದರು. ನಾಲ್ಕು ವರ್ಷ ಮೊದಲು, 1913ರ ಮೇ 3ರಂದು, ಮುಂಬಯಿಯ ಕಾರೋನೇಶನ್ ಥೇಟರಿನಲ್ಲಿ ‘ರಾಜಾ ಹರಿಶ್ಚಂದ್ರ’ ತೋರಿಸಿ ಹೆಸರು ಗಳಿಸಿದ್ದ ಮನುಷ್ಯ ಅವರು. ಆದರೆ ಹಣ ಅಂದರೆ ಏನೆಂದು ಅವರಿಗೆ ತೋರಿಸಿದ್ದು ‘ಲಂಕಾದಹನ’. ಮುಂಬಯಿಯಲ್ಲಿ ಬೆಳಗ್ಗೆ ಏಳಕ್ಕೆ ಶುರುವಾದ ಆಟಗಳು ನಡುರಾತ್ರಿಯವರೆಗೂ ನಡೆಯುತ್ತಿದ್ದವಂತೆ. ಪುಣೆಯಲ್ಲಿ ಜನ ನುಗ್ಗಿ ಥೇಟರಿನ ಬಾಗಿಲೇ ಮುರಿಯುವ ಹಾಗಾಯಿತಂತೆ. ಮದ್ರಾಸಿನಲ್ಲಿ ಗಲ್ಲೆಯ ಚಿಲ್ಲರೆ ನಾಣ್ಯಗಳನ್ನು ಎತ್ತಿನ ಗಾಡಿಗೆ ಹೇರಿ ಪೊಲೀಸ್ ಕಾವಲಿನಲ್ಲಿ ಸಾಗಿಸಿದರೆಂಬ ಮಾತು ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. ತೆರೆಯ ಮೇಲೆ ರಾಮ ಕಾಣಿಸಿಕೊಂಡಾಗ ಜನ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರಂತೆ.

ಈ ರಾಮನ ಪಾತ್ರ ಮಾಡಿದವರು ಅಣ್ಣಾ ಸಾಳುಂಕೆ. ಮುಂಬಯಿಯ ಗ್ರಾಂಟ್ ರೋಡಿನ ಒಂದು ಖಾನಾವಳಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹೆಣ್ಣು ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ ಕಂಗಾಲಾಗಿದ್ದ ಫಾಳಕೆಯವರ ಕಣ್ಣಿಗೆ ಬಿದ್ದು ‘ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವರು. ‘ಲಂಕಾದಹನ’ದಲ್ಲಿ ಅವರು ರಾಮ. ಸೀತೆಯೂ ಅವರೇ! ಅಶೋಕವನದಲ್ಲಿ ಕೂತ ಸೀತೆಯ ತೋಳಿನಲ್ಲಿ ಗಟ್ಟಿಮುಟ್ಟಾದ ಸ್ನಾಯು ಕಾಣುತ್ತದೆಂದು ಆಮೇಲೆ ಬರೆದವರೆಲ್ಲ ನಕ್ಕಿದ್ದಾರೆ. ನಗಲಿ. ಆದರೆ ಫಾಳಕೆಯವರ ಜಾಣತನವನ್ನು ನೋಡಿ. ಒಬ್ಬನೇ ನಟ ಗಂಡ ಹೆಂಡತಿ ಎರಡೂ ಆಗುವುದು ಬೇರೆ ಯಾವ ಪ್ರೇಮಕಥೆಯಲ್ಲಿ ಸಾಧ್ಯ? ಇಲ್ಲಿ ಪ್ರೇಮಿಗಳ ನಡುವೆ ಕಡಲಿದೆ. ಅವನು ಆ ದಂಡೆ, ಇವಳು ಈ ದಂಡೆ. ಒಂದೇ ಚೌಕಟ್ಟಿನಲ್ಲಿ ಇಬ್ಬರೂ ನಿಲ್ಲಬೇಕಾದ ಪ್ರಮೇಯವೇ ಕಡಿಮೆ. ವಿರಹದ ಕಥೆಯಾದ್ದರಿಂದ ಒಂದು ಸಂಬಳದಲ್ಲಿ ಎರಡು ಪಾತ್ರ ನಡೆದವು.

ಆ ಚಿತ್ರದಲ್ಲಿ ಈಗ ಉಳಿದಿರುವುದು ಸುಮಾರು 500 ಅಡಿ. ಮೂಕಿ ಕಾಲದಲ್ಲಿ ಒಂದು ಅಡಿ ಫಿಲ್ಮಿನಲ್ಲಿ ಹದಿನಾರು ಚಿತ್ರ, ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟೇ ಓಡುತ್ತಿತ್ತು. ಅಂದರೆ ಅಡಿಗೊಂದು ಸೆಕೆಂಡು. ಒಟ್ಟು ಎಂಟು ನಿಮಿಷ. ಜನ ಬಾಗಿಲು ಮುರಿಯಲು ಹೋದ ಚಿತ್ರ, ಗಾಡಿಗಟ್ಟಲೆ ದುಡ್ಡು ತಂದ ಚಿತ್ರ, ಇವತ್ತು ಒಂದು ಕಪ್ ಚಹಾ ಆರುವುದರೊಳಗೆ ಮುಗಿದುಬಿಡುತ್ತದೆ. ಮೂಕಿ ಕಾಲದಲ್ಲಿ ಭಾರತದಲ್ಲಿ ತಯಾರಾದವು ಸುಮಾರು 1300 ಚಿತ್ರಗಳು. ಪೂರ್ತಿಯೋ ತುಂಡೋ ಕೈಗೆ ಸಿಕ್ಕಿರುವುದು ಮೂವತ್ತರ ಆಸುಪಾಸು. ಕಾಪಾಡುವ ವ್ಯವಸ್ಥೆ ನಮಗಿಂತ ಚೆನ್ನಾಗಿದೆ ಅನ್ನುವ ಅಮೆರಿಕದಲ್ಲೂ 2013ರ ಒಂದು ಅಧ್ಯಯನದ ಪ್ರಕಾರ 10,919 ಪೂರ್ಣಪ್ರಮಾಣದ ಮೂಕಿ ಚಿತ್ರಗಳ ಪೈಕಿ ಮೂಲ ರೂಪದಲ್ಲಿ ಸಂಪೂರ್ಣವಾಗಿ ಉಳಿದಿರುವುದು ನೂರಕ್ಕೆ 14 ಮಾತ್ರ.

ಎಲ್ಲಿಗೆ ಹೋದವು ಅಂತೀರಾ? ಆ ಕಾಲದ ಫಿಲ್ಮು ನೈಟ್ರೇಟಿನದು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಮಾಡಿದ ವಸ್ತು, ಸಿಡಿಮದ್ದಿನ ದಾಯಾದಿ. ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತಿಕೊಳ್ಳದಿದ್ದರೆ ನಿಧಾನಕ್ಕೆ ಕೊಳೆಯುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಅಂಟಂಟಾಗಿ ಸುರುಳಿ ಬಿಚ್ಚಲಿಕ್ಕೆ ಬಾರದ ಹಾಗೆ ಕಚ್ಚಿಕೊಳ್ಳುತ್ತದೆ, ಕೊನೆಗೆ ಕಂದು ಬಣ್ಣದ ಪುಡಿ. ಹೀಗೆ ಕೊಳೆತ ಫಿಲ್ಮು ಸುಮಾರು 41 ಡಿಗ್ರಿ ಶಾಖದಲ್ಲಿ ಬಹಳ ಹೊತ್ತು ಇದ್ದರೆ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಜತ್ತದ ಏಪ್ರಿಲ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆಂದು ಬಲ್ಲವರಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಮಿನಲ್ಲಿ ಬೆಳ್ಳಿಯೂ ಇತ್ತು. 1931ರಲ್ಲಿ ‘ಆಲಂ ಆರಾ’ ಮಾತಾಡಿದ ಮೇಲೆ ಮೂಕಿಗಳನ್ನು ಕೇಳುವವರಿರಲಿಲ್ಲ. ಸಿನಿಮಾದವರು ಅವನ್ನು ತೂಕಕ್ಕೆ ಹಾಕಿದರು. ಗುಜರಿಯವರು ಬೆಳ್ಳಿ ತೆಗೆದುಕೊಂಡು ಉಳಿದದ್ದನ್ನು ಬಳೆ, ಕೈಚೀಲ ಮಾಡುವವರಿಗೆ ಮಾರಿದರು. ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಈ ಬಳೆಗಳ ವಿಷಯವನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. ಯಾವ ಹೆಂಗಸಿನ ಕೈಯಲ್ಲಿ ಯಾವ ಸೀತೆ ಇದ್ದಳೋ! ಸಂಗ್ರಹಾಲಯವೆಂದರೂ ಭದ್ರವೆನ್ನಲಾಗದು. 2003ರ ಜನವರಿ 8ರಂದು ಪುಣೆಯ ಹಳೆಯ ಪ್ರಭಾತ್ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ನೈಟ್ರೇಟ್ ಪ್ರತಿಗಳು ಬೂದಿಯಾದವು.

ಇಲ್ಲಿ ನನ್ನದೊಂದು ತಕರಾರಿದೆ. ಕಳೆದುಹೋದ ಚಿತ್ರಗಳ ಲೆಕ್ಕ ಹಾಕುವವರು ಫಿಲ್ಮಿನ ಅಡಿಗಳ ಲೆಕ್ಕ ಮಾತ್ರ ಹಾಕುತ್ತಾರೆ. ಮೂಕಿ ಚಿತ್ರ ಯಾವತ್ತೂ ಮೂಕವಾಗಿರಲಿಲ್ಲ. ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಅರ್ಧ ಸಿನಿಮಾ, ಉಳಿದರ್ಧ ಆಟ ತೋರಿಸುವ ಡೇರೆಯಲ್ಲಿ ತಯಾರಾಗುತ್ತಿತ್ತು. ತೆರೆಯ ಪಕ್ಕ ಒಬ್ಬ ಹಾರ್ಮೋನಿಯಂ ಹಿಡಿದು ಕೂತಿರುತ್ತಿದ್ದ, ಒಬ್ಬ ತಬಲಾ ಬಾರಿಸುತ್ತಿದ್ದ. ಇನ್ನೊಬ್ಬ ನಿಂತುಕೊಂಡು ಕಥೆ ಹೇಳುತ್ತಿದ್ದ. ಫಾಳಕೆಯವರ ಚಿತ್ರಗಳಲ್ಲಿ ನಡುನಡುವೆ ಬರುತ್ತಿದ್ದ ಅಕ್ಷರದ ಫಲಕಗಳು ಹಿಂದಿ, ಇಂಗ್ಲಿಷಿನವು. ಓದು ಬಾರದವರೇ ಹೆಚ್ಚಿದ್ದ ಕಾಲ. ಫಾಳಕೆಯವರು ಸ್ವತಃ ಎತ್ತಿನ ಗಾಡಿಯಲ್ಲಿ ಯಂತ್ರ, ತೆರೆ, ಸುರುಳಿಗಳನ್ನು ಹೇರಿಕೊಂಡು ಊರೂರು ತಿರುಗಿ ಚಿತ್ರ ತೋರಿಸಿದವರು. ಅವರ ಹಿಂದೆ ಡೇರೆ ಸಿನಿಮಾದವರು ಜಾತ್ರೆಯಿಂದ ಜಾತ್ರೆಗೆ ಹೋದರು. ಸೊಲ್ಲಾಪುರ, ಬಿಜಾಪುರ, ಸಾಂಗಲಿಗಳ ನಡುವಿನ ಈ ಸೀಮೆಯಲ್ಲಿ ಡೇರೆ ಹಾಕಿದವನಿಗೆ ಒಂದು ಭಾಷೆ ಸಾಲುತ್ತಿರಲಿಲ್ಲ. ಮುಂದಿನ ಸಾಲಿನವನು ಕನ್ನಡದವನಾದರೆ ಅವನ ಬೆನ್ನಿಗೆ ಕೂತವನು ಮರಾಠಿಯವನು, ಆಚೆ ಮೂಲೆಯವನು ದಖನಿ ಉರ್ದು ಆಡುವವನು. ಇವತ್ತು ಉಮದಿ, ಸಂಖ ಕಡೆಯ ಅಂಗಡಿಯ ಕಟ್ಟೆಯ ಮೇಲೆ ನಿಂತು ಕೇಳಿ, ಒಂದೇ ಮಾತಿನಲ್ಲಿ ಎರಡು ಭಾಷೆ ಹಾಯ್ದುಹೋಗುತ್ತವೆ. ತೆರೆಯ ಮೇಲೆ ಸೀತೆ ಹನುಮಂತನನ್ನು ಕಂಡು ತುಟಿ ಆಡಿಸಿದಾಗ ಏನಂದಳು ಅನ್ನುವುದನ್ನು ಹೇಳಬೇಕಾದವನು ತೆರೆಯ ಪಕ್ಕ ನಿಂತ ಆ ಮನುಷ್ಯ. ಒಂದೂರಲ್ಲಿ ಅಂದದ್ದನ್ನು ಮತ್ತೊಂದೂರಲ್ಲಿ ಹಾಗೇ ಅನ್ನಬೇಕೆಂದು ಯಾರೂ ಅವನಿಗೆ ಕಟ್ಟು ಹಾಕಿರಲಿಲ್ಲ.

ಜಪಾನಿನಲ್ಲಿ ಇಂಥವರಿಗೆ ಬೆನ್ಶಿ ಎನ್ನುತ್ತಿದ್ದರು. ಅಲ್ಲಿ ಅವರು ನಟರಿಗಿಂತ ದೊಡ್ಡ ತಾರೆಗಳು, ಜಾಹೀರಾತಿನಲ್ಲಿ ಅವರ ಹೆಸರೇ ದಪ್ಪಕ್ಷರದಲ್ಲಿ ಇರುತ್ತಿತ್ತು. ಮಾತಿನ ಚಿತ್ರ ಬಂದಾಗ ಅವರು ಮುಷ್ಕರ ಹೂಡಿದರು. ನಿರ್ದೇಶಕ ಅಕಿರಾ ಕುರೊಸಾವಾ ಅವರ ಅಣ್ಣ ಹೆಸರಾಂತ ಬೆನ್ಶಿ, ಕೆಲಸ ಹೋದ ಮೇಲೆ 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಬೆನ್ಶಿಗಳ ಕಥೆಯನ್ನು ಜಪಾನಿನವರು ಬರೆದಿಟ್ಟರು. ನಮ್ಮ ಡೇರೆಗಳಲ್ಲಿ ಕೂಗಿ ಗಂಟಲು ಒಣಗಿಸಿಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ‘ಲಂಕಾದಹನ’ದ ಉಳಿದ ಸುರುಳಿ ನಾಳೆ ಯಾವುದೋ ದೇಶದ ನೆಲಮಾಳಿಗೆಯಲ್ಲಿ ಸಿಕ್ಕೀತು. ಕನ್ನಡದಲ್ಲಿ ಅದಕ್ಕೆ ಹೇಳಿದ ಮಾತು ಯಾವ ನೆಲಮಾಳಿಗೆಯಲ್ಲೂ ಸಿಗುವುದಿಲ್ಲ. ಕಳೆದುಹೋದವುಗಳಲ್ಲಿ ದೊಡ್ಡದು ಯಾವುದೆಂದು ನನ್ನನ್ನು ಕೇಳಿದರೆ ನಾನು ಈ ಎರಡನೆಯದನ್ನೇ ಹೇಳುತ್ತೇನೆ.

ಕನ್ನಡದವರೂ ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ಕಂಪನಿ ಕಟ್ಟಿ ಕೆಲವು ಚಿತ್ರ ತೆಗೆದರು. ಅದೇ ಹೊತ್ತಿಗೆ ಮೋಹನ್ ಭವನಾನಿಯವರು ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂದು ತೆಗೆದಾಗ ಏಣಾಕ್ಷಿ ರಾಮರಾವ್ ನಾಯಕಿಯಾದರು. ನಮ್ಮ ಟಿ.ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ಬಣ್ಣ ಹಚ್ಚಿದರು. ಕೈಲಾಸಂ ಮೂಕಿ ಚಿತ್ರದಲ್ಲಿ! ಆ ಬಾಯಿ ಮುಚ್ಚಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದವರ ಧೈರ್ಯವನ್ನು ಮೆಚ್ಚಬೇಕು.

ಇನ್ನು ಕೊಲ್ಲಾಪುರಕ್ಕೆ ಬರೋಣ. ಅಲ್ಲಿ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಬಾಬುರಾವ್ ಕೃಷ್ಣರಾವ್ ಮಿಸ್ತ್ರಿ ಎಂಬ ಕಲಾವಿದರು ಬಾಬುರಾವ್ ಪೇಂಟರ್ ಎಂದು ಹೆಸರಾದರು. ಅವರು ಕಟ್ಟಿದ ಮಹಾರಾಷ್ಟ್ರ ಫಿಲ್ಮ್ ಕಂಪನಿಯಿಂದ 1920ರಲ್ಲಿ ‘ಸೈರಂಧ್ರಿ’ ಹೊರಬಂತು. 1925ರಲ್ಲಿ ‘ಸಾವಕಾರಿ ಪಾಶ’ ತೆಗೆದರು. ಸಾಹುಕಾರನ ಕೈಗೆ ಹೊಲ ಕಳೆದುಕೊಂಡ ರೈತ ಪಟ್ಟಣದ ಗಿರಣಿ ಸೇರುವ ಕಥೆ. ಕಬ್ಬು ಕಡಿಯಲು ಗಂಟುಮೂಟೆ ಕಟ್ಟಿ ಹೊರಡುವ ನಮ್ಮ ತಾಲೂಕಿನವರಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಯುವ ರೈತನಾಗಿ ನಟಿಸಿದವರು ವಿ. ಶಾಂತಾರಾಮ್. ಆ ಮೂಕಿಯೂ ಕಾಲದ ಪಾಲಾಯಿತು. 1929ರಲ್ಲಿ ಶಾಂತಾರಾಮ್ ಮತ್ತು ಗೆಳೆಯರು ಹೊರಬಂದು ಪ್ರಭಾತ್ ಕಂಪನಿ ಕಟ್ಟಿದರು, 1933ರಲ್ಲಿ ಅದು ಪುಣೆಗೆ ಹೋಯಿತು. ಪ್ರಭಾತ್ ಹೋದರೂ ಕೊಲ್ಲಾಪುರದಲ್ಲಿ ಸ್ಟುಡಿಯೋಗಳಿದ್ದವು, ಕೆಲಸ ಬಲ್ಲ ಬಡಗಿಗಳಿದ್ದರು, ಬಣ್ಣದವರಿದ್ದರು. ಅಲ್ಲಿನ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ ಮಾತು ಹಿಡಿಯುವ ಯಂತ್ರವೂ ಇತ್ತು. ಬೆಂಗಳೂರಿನಲ್ಲಿ ಆಗ ಅದಿರಲಿಲ್ಲ.

ಹೀಗಾಗಿ ಕನ್ನಡದ ಮೊದಲನೆಯ ಮಾತಿನ ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದಲ್ಲಿ. ಹಣ ಹಾಕಿದವರು ಬೆಂಗಳೂರಿನಲ್ಲಿ ವ್ಯಾಪಾರಕ್ಕಿದ್ದ ರಾಜಸ್ಥಾನ ಮೂಲದ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನ ತೆಲುಗರು. ಸ್ಟುಡಿಯೋದವರು ಮರಾಠಿಗರು. ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಸುಮಾರು ಎರಡು ತಿಂಗಳಲ್ಲಿ, ನಲವತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತೆಂದು ಹೇಳುತ್ತಾರೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಥೇಟರಿನಲ್ಲಿ ತೆರೆ ಕಂಡಿತು. ನಮ್ಮ ದೇಶದ ಕಟ್ಟಕಡೆಯ ಮೂಕಿಗಳು ತೆರೆಗೆ ಬಂದದ್ದೂ ಆ ವರ್ಷವೇ.

ಬೆಂಗಳೂರಿನಿಂದ ರೈಲಿನಲ್ಲಿ ಕೊಲ್ಲಾಪುರಕ್ಕೆ ಹೋಗಬೇಕಾದರೆ ಅಂದಿಗೂ ಇಂದಿಗೂ ಮೀರಜ್ ದಾಟಲೇಬೇಕು, ಕೊಲ್ಲಾಪುರದ ಹಳಿ ಒಡೆಯುವುದೇ ಅಲ್ಲಿಂದ. ಕನ್ನಡದ ಮೊದಲ ಮಾತಿನ ಚಿತ್ರದ ರಾವಣನೂ ಇಂದ್ರಜಿತುವೂ ನಮ್ಮ ಜಿಲ್ಲೆಯ ನಿಲ್ದಾಣದ ಹಾದಿ ಹಿಡಿದವರೇ. ಕರ್ಕಿಯ ಮೇಳ ಸಾಂಗಲಿಗೆ ಆಟ ತಂದು ಆಗ ತೊಂಬತ್ತು ವರ್ಷ ದಾಟಿತ್ತು. ಪಡೆದ ಲೆಕ್ಕ ಅಂದೆನಲ್ಲ, ಅದು ಇದು. ಆ ಆಟದಿಂದ ಮರಾಠಿ ರಂಗಭೂಮಿ ಬೆಳೆಯಿತು, ರಂಗಭೂಮಿಯ ಪರದೆ ಬರೆದವರಿಂದ ಕೊಲ್ಲಾಪುರದ ಸಿನಿಮಾ ಬೆಳೆಯಿತು, ಆ ಸಿನಿಮಾದ ಅಂಗಳದಲ್ಲಿ ಕನ್ನಡ ಬಾಯಿಬಿಟ್ಟಿತು. ಈ ವ್ಯವಹಾರದಲ್ಲಿ ಯಾರು ಯಾರಿಗೆ ಬಾಕಿ ಅಂತ ನಮ್ಮ ಗಡಿ ಭಾಷಣಗಳಲ್ಲಿ ಕೂಗಾಡುವವರು ಕೂತು ಬಗೆಹರಿಸಲಿ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕಥೆಯ ಆಯ್ಕೆ. ವಾಲ್ಮೀಕಿ ರಾಮಾಯಣದಲ್ಲಿ ಸುಲೋಚನೆಯ ಹೆಸರಿಲ್ಲ. ಅವಳು ಆಟದವರ, ಹಾಡಿನವರ, ಹೆಂಗಸರ ಬಾಯಲ್ಲಿ ಬೆಳೆದವಳು. ಆದಿಶೇಷನ ಮಗಳು, ಲಂಕೆಯ ಸೊಸೆ, ಇಂದ್ರಜಿತುವಿನ ಹೆಂಡತಿ. ಆದಿಶೇಷನೇ ಲಕ್ಷ್ಮಣನಾಗಿ ಹುಟ್ಟಿದ್ದರಿಂದ ಮಾವನೇ ಅಳಿಯನನ್ನು ಕೊಂದ ಹಾಗಾಯಿತು. ಯುದ್ಧದಲ್ಲಿ ಕತ್ತರಿಸಿದ ಇಂದ್ರಜಿತುವಿನ ತೋಳು ಹಾರಿಬಂದು ಅವಳ ಅಂಗಳದಲ್ಲಿ ಬೀಳುತ್ತದೆ. ನೀನು ನನ್ನ ಗಂಡನ ತೋಳೇ ಆಗಿದ್ದರೆ ನಡೆದದ್ದನ್ನು ಬರೆದು ತೋರಿಸು ಅನ್ನುತ್ತಾಳೆ. ತೋಳು ಬರೆಯುತ್ತದೆ. ಬಾಯಿಲ್ಲದ ಕೈಯೊಂದು ಅಕ್ಷರದಲ್ಲಿ ಸುದ್ದಿ ಹೇಳುವುದು ಮೂಕಿ ಚಿತ್ರಕ್ಕೇ ಹೇಳಿ ಮಾಡಿಸಿದ ಪ್ರಸಂಗ. ಆಮೇಲೆ ಅವಳು ಶತ್ರುವಿನ ಪಾಳೆಯಕ್ಕೆ ತಾನೇ ಹೋಗಿ ರಾಮನ ಎದುರು ನಿಂತು ಗಂಡನ ತಲೆ ಕೇಳುತ್ತಾಳೆ. ತಲೆ ನಗುತ್ತದೆ. ಅವಳು ಚಿತೆ ಏರುತ್ತಾಳೆ. ಚಿತೆ ಏರುವುದನ್ನು ಇವತ್ತು ನಾನು ಹೊಗಳಲಾರೆ, ಅದನ್ನು ಹೊಗಳಿದ ಕಾಲದ ಕಥೆ ಅದು. ಆದರೆ ಪಾಳೆಯಕ್ಕೆ ನಡೆದುಹೋಗುವ ಆ ಹೆಣ್ಣನ್ನು ಬಿಟ್ಟುಕೊಡಲಾರೆ.

ಮೊದಲು ಹೇಳಿದ ‘ಅಲೋಮಾ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಥೆ ದೋಣಿಯಲ್ಲಿ ಬಂದವನದು. ದ್ವೀಪದವಳು ಅವನ ಗಾಯಕ್ಕೆ ಮುಲಾಮು, ಗಾಯ ಮಾಯ್ದ ಮೇಲೆ ಅವನು ದೋಣಿ ಹತ್ತುತ್ತಾನೆ. ಫಾಳಕೆಯವರ ಲಂಕೆಯಲ್ಲೂ ನಾವು ನಿಲ್ಲುವುದು ಹೊರಗಿನಿಂದ ಬಂದವರ ಕಡೆ. ನಾವೆಲ್ಲ ಹನುಮಂತನ ಬಾಲದ ಬೆಂಕಿಗೆ ಚಪ್ಪಾಳೆ ತಟ್ಟಿದವರೇ, ಊರು ಸುಟ್ಟಾಗ ಆ ಊರಿನ ಮನೆಗಳಲ್ಲಿ ಯಾರಿದ್ದರೆಂದು ಕೇಳಲಿಲ್ಲ. ಕನ್ನಡ ಚಿತ್ರ ಮೊದಲ ಮಾತು ಆಡಿದಾಗ ರಾಮ ಸೀತೆಯರನ್ನು ಬಿಟ್ಟು ಆ ಮನೆಯ ಒಳಗೆ ಹೋಗಿ ಕೂತಿತು. ದ್ವೀಪದ ಹೆಣ್ಣೇ ನಾಯಕಿ, ದ್ವೀಪದ ಗಂಡೇ ನಾಯಕ, ಕಡಲು ದಾಟಿ ಬಂದವನು ದೇವರಾದರೂ ಅವಳ ಪಾಲಿಗೆ ಗಂಡನನ್ನು ಕೊಂದ ಪಾಳೆಯದವನು. ಡುಂಗಾಜಿಯವರೋ ವೈ.ವಿ. ರಾಯರೋ ಇದನ್ನೆಲ್ಲ ಯೋಚಿಸಿ ಮಾಡಿದರೆಂದು ನಾನು ಹೇಳುತ್ತಿಲ್ಲ. ನಾಟಕದಲ್ಲಿ ಗೆದ್ದ ಕಥೆ ಅದು, ದುಡ್ಡು ಹಾಕುವವರಿಗೆ ಅಷ್ಟು ಸಾಕು. ಆದರೆ ನಾಟಕದಲ್ಲಿ ಅದು ಗೆದ್ದದ್ದು ಯಾಕೆ? ಇಂದ್ರಜಿತು ಬಿದ್ದಾಗ ಅಳುವ ಜನ ನಮ್ಮ ಕಡೆ ಮೊದಲಿಂದ ಇದ್ದರು. ಆಟದಲ್ಲಿ ರಾಕ್ಷಸನ ಪಾತ್ರಕ್ಕೆ ಊರಿನ ಅತ್ಯುತ್ತಮ ಕುಣಿತದವನನ್ನೇ ಇಟ್ಟುಕೊಳ್ಳುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಆ ‘ಸತಿ ಸುಲೋಚನಾ’ದ ಒಂದು ಅಡಿ ಫಿಲ್ಮೂ ಈಗಿಲ್ಲ. ಪ್ರತಿವರ್ಷ ಮಾರ್ಚ್ 3ಕ್ಕೆ ಕನ್ನಡ ಚಿತ್ರರಂಗದ ಹುಟ್ಟುಹಬ್ಬ ಮಾಡುತ್ತಾರೆ. 1934ರಲ್ಲಿ ಹುಟ್ಟಿದ ಆ ಕೂಸಿನ ನಾಲ್ಕಾರು ಸ್ಥಿರಚಿತ್ರ, ಜಾಹೀರಾತು ಇಟ್ಟುಕೊಂಡು ಹಬ್ಬ. ಅದು ಮಾತಿನ ಚಿತ್ರವಾದ್ದರಿಂದ ನಷ್ಟ ದುಪ್ಪಟ್ಟು: ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ ಗುಡುಗಿದ ಆ ಧ್ವನಿಯೂ ಅದೇ ಸುರುಳಿಯ ಅಂಚಿನಲ್ಲಿತ್ತು.

ಸಿಗುವ ಆಸೆಯೇ ಇಲ್ಲವೇ? ಇದೆ, ಆದರೆ ಎಲ್ಲಿ ಹುಡುಕಬೇಕೆಂಬುದಕ್ಕೆ ಒಂದು ಲೆಕ್ಕಾಚಾರವಿದೆ. ಕೆನಡಾದ ಉತ್ತರ ಭಾಗದ ಡಾಸನ್ ಸಿಟಿ ಎಂಬ ಊರಿನಲ್ಲಿ 1978ರಲ್ಲಿ ನೆಲ ಅಗೆಯುವಾಗ 533 ಸುರುಳಿ ಮೂಕಿ ಚಿತ್ರಗಳು ಸಿಕ್ಕವು. ಆ ಊರು ಚಿತ್ರಗಳ ಸರದಿಯಲ್ಲಿ ಕಟ್ಟಕಡೆಯದು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಚಿತ್ರ ಹಳತಾಗಿರುತ್ತಿತ್ತು, ವಾಪಸು ಕಳಿಸುವ ಖರ್ಚಿಗೆ ಅದು ಬಾಳುತ್ತಿರಲಿಲ್ಲ. ಅಲ್ಲೇ ಮಣ್ಣಿಗೆ ಹಾಕಿದರು, ಹಿಮಗಟ್ಟಿದ ಮಣ್ಣು ಕಾಪಾಡಿತು. ಕಲ್ಕತ್ತೆಯಲ್ಲಿ 1919ರಲ್ಲಿ ಬಂದ ‘ಬಿಲ್ವಮಂಗಳ’ದ ತುಣುಕು ಪ್ಯಾರಿಸ್ಸಿನ ಸಂಗ್ರಹದಲ್ಲಿತ್ತು, 2016ರಲ್ಲಿ ಅದರ ಪ್ರತಿ ಪುಣೆಗೆ ಬಂತು. ಹೀಗೆ ದೂರ ಹೋದ ಪ್ರತಿಯೇ, ಸರದಿಯ ಕೊನೆಯೂರುಗಳಲ್ಲಿ ಬಿದ್ದ ಪ್ರತಿಯೇ ಹೆಚ್ಚಾಗಿ ಉಳಿಯುತ್ತದೆ. ಜತ್ತದಂಥ ಊರುಗಳೂ ಸರದಿಯ ಕೊನೆಯವೇ, ರೈಲು ಇಲ್ಲ, ದೊಡ್ಡ ರಸ್ತೆ ಬಂದದ್ದು ಈಚೆಗೆ. ಆದರೆ ನಮ್ಮ ಮಣ್ಣು ಡಾಸನ್ನಿನದಲ್ಲ. ನಮ್ಮ ಬಿಸಿಲಿನಲ್ಲಿ ನೈಟ್ರೇಟು ತೊಂಬತ್ತು ವರ್ಷ ತಡೆಯುತ್ತದೆಂದು ನಂಬಲಾರೆ.

ಕಾಗದ ತಡೆಯುತ್ತದೆ. ಆ ಕಾಲದಲ್ಲಿ ಥೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಕಥೆಯ ಸಾರಾಂಶ, ಪಾತ್ರವರ್ಗ, ಹಾಡುಗಳು ಎಲ್ಲ ಅದರಲ್ಲಿರುತ್ತಿದ್ದವು. ಎತ್ತಿನ ಗಾಡಿಯಿಂದ ತೂರುತ್ತಿದ್ದ ಹ್ಯಾಂಡ್‌ಬಿಲ್ಲುಗಳಿದ್ದವು. ಜತ್ತದ ಯಲ್ಲಮ್ಮನ ಜಾತ್ರೆ, ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋದವರು ಬೆಂಡು ಬತ್ತಾಸಿನ ಜೊತೆ ಇಂಥ ಪುಸ್ತಕವನ್ನೂ ತಂದು ಟ್ರಂಕಿನಲ್ಲಿ ಹಾಕಿರಬಹುದು. ದೊಡ್ಡಾಟದ ಮೇಳದವರ ಮನೆಗಳಲ್ಲಿ ಕೈಬರಹದ ಆಟದ ಪ್ರತಿಗಳಿವೆ, ಎಣ್ಣೆ ಜಿಡ್ಡು ಹತ್ತಿದ, ಅಂಚು ಸವೆದ ಪ್ರತಿಗಳು. ಅವುಗಳ ಹಿಂದುಮುಂದಿನ ಖಾಲಿ ಪುಟದಲ್ಲಿ ಎಷ್ಟೋ ಸಲ ಲೆಕ್ಕ, ಹಾಡು, ತಾರೀಖು ಬರೆದಿರುತ್ತಾರೆ. ಮನೆಯ ಅಟ್ಟ ಸ್ವಚ್ಛ ಮಾಡುವಾಗ ಇಂಥದು ಕಂಡರೆ ರದ್ದಿಗೆ ಹಾಕುವ ಮೊದಲು ಊರಿನ ಕನ್ನಡ ಶಾಲೆಯ ಮಾಸ್ತರರಿಗೆ ಒಮ್ಮೆ ತೋರಿಸಿ. ಫಿಲ್ಮಿನ ಡಬ್ಬಿಯೇ ಸಿಕ್ಕಿತೆನ್ನಿ, ಆಗ ಮಾತ್ರ ಬಿಸಿಲಿಗೆ ಇಡಬೇಡಿ, ಮುಚ್ಚಳ ಬಡಿದು ತೆರೆಯಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ತಂಪಾದ, ಗಾಳಿಯಾಡುವ ಜಾಗದಲ್ಲಿ, ಮನೆಯಿಂದ ಸ್ವಲ್ಪ ದೂರವೇ ಇಟ್ಟು ಪುಣೆಯ ಚಿತ್ರಸಂಗ್ರಹಾಲಯಕ್ಕೆ ಒಂದು ಪತ್ರ ಹಾಕಿ. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಓದುವವರು ಅಲ್ಲಿ ಯಾರಾದರೂ ಸಿಗುತ್ತಾರೆ.